ಕರಿಸಾ ಮೂರ್ ಯಾವ ಬಾವುಟದವಳು?

– ಕರಿಸಾ ಮೂರ್ ಯಾವ ದೇಶದವಳು ಮಗಾ? ಒಂದು ಕಡೆ ಅಮೆರಿಕ ಅಂತ ಬರೆಯುತ್ತಾರೆ, ಇನ್ನೊಂದು ಕಡೆ ಹವಾಯಿ ಅಂತ.

– ಎರಡೂ ಸರಿ ದೊಡ್ಡಪ್ಪ. ವೃತ್ತಿಪರ ಸರ್ಫರ್‌ಗಳ ವಿಶ್ವ ಟೂರ್ ಉಂಟಲ್ಲ, ಅದರಲ್ಲಿ ಹವಾಯಿಯನ್ನು ಬೇರೆಯೇ ದೇಶದ ಹಾಗೆ ಎಣಿಸುತ್ತಾರೆ. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಪಕ್ಕ ಹವಾಯಿಯ ಬಾವುಟ ಇರುತ್ತದೆ. ಒಲಿಂಪಿಕ್ಸ್‌ಗೆ ಹೋದರೆ ಅದೇ ಹುಡುಗಿ ಅಮೆರಿಕದವಳು. 2011, 2013, 2015, 2019, 2021ರ ಐದು ವಿಶ್ವ ಪ್ರಶಸ್ತಿ ಹವಾಯಿಯ ಲೆಕ್ಕಕ್ಕೆ ಹೋಯಿತು. 2021ರ ಜುಲೈಯಲ್ಲಿ ಗೆದ್ದ ಒಲಿಂಪಿಕ್ ಚಿನ್ನ ಅಮೆರಿಕದ ಲೆಕ್ಕಕ್ಕೆ.

– ಆ ಲೆಕ್ಕವೇ ನನಗೆ ಸರಿ ಬರುವುದಿಲ್ಲ. ಆಟ ಹವಾಯಿಯವರದ್ದು, ಕಲಿತ ಕಡಲು ಹವಾಯಿಯದ್ದು, ಆ ಹುಡುಗಿಯ ರಕ್ತದಲ್ಲಿಯೂ ಹವಾಯಿ ಉಂಟು. ಪದಕ ಮಾತ್ರ ವಾಷಿಂಗ್ಟನ್‌ನವರ ಪಟ್ಟಿಗೆ.

– ಆಟ ನೋಡುವ ಮೊದಲೇ ನೀವು ಇತಿಹಾಸಕ್ಕೆ ಹೋದಿರಿ.

– ಇಲ್ಲಿ ಇತಿಹಾಸ ಬಿಟ್ಟು ಆಟ ನೋಡಲಿಕ್ಕಾಗುವುದಿಲ್ಲ. ಹವಾಯಿ ಸ್ವತಂತ್ರ ಅರಸೊತ್ತಿಗೆಯಾಗಿತ್ತು. ಅರಸರು, ಪ್ರಜೆಗಳು, ಗಂಡಸರು, ಹೆಂಗಸರು ಎಲ್ಲರೂ ಮರದ ಹಲಗೆ ಹಿಡಿದು ತೆರೆಗೆ ಇಳಿಯುತ್ತಿದ್ದ ನಾಡು ಅದು. 1820ರಲ್ಲಿ ಅಮೆರಿಕದ ಮಿಷನರಿಗಳು ಬಂದರು. ಗಂಡು ಹೆಣ್ಣು ಒಟ್ಟಿಗೆ ಅರೆಬತ್ತಲೆಯಾಗಿ ನೀರಿಗೆ ಇಳಿಯುವುದನ್ನು ಅವರಿಗೆ ಸಹಿಸಲಿಕ್ಕಾಗಲಿಲ್ಲ. ಹೊರಗಿನಿಂದ ಬಂದ ಸಿಡುಬು, ದಡಾರಗಳು ಊರೂರನ್ನೇ ಖಾಲಿ ಮಾಡಿದವು. ಆಡುವವರೇ ಇಲ್ಲದ ಮೇಲೆ ಆಟ ಎಲ್ಲಿಂದ ಉಳಿಯಬೇಕು? ಆಮೇಲೆ ಕಬ್ಬಿನ ತೋಟದ ಧಣಿಗಳ ಕಾಲ. 1893ರ ಜನವರಿಯಲ್ಲಿ ಅವರೇ ಸೇರಿ ರಾಣಿ ಲಿಲಿಉಒಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. ಆಗ ಅಮೆರಿಕದ ಹಡಗಿನಿಂದ ಇಳಿದ ಸೈನಿಕರು ಹೊನೊಲುಲುವಿನ ಬೀದಿಯಲ್ಲಿ ನಿಂತಿದ್ದರು. 1898ರಲ್ಲಿ ಅಮೆರಿಕ ಆ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು, 1959ರಲ್ಲಿ ತನ್ನದೊಂದು ರಾಜ್ಯ ಮಾಡಿಕೊಂಡಿತು. 1993ರಲ್ಲಿ ಅಮೆರಿಕದ ಕಾಂಗ್ರೆಸ್ಸೇ ಇದಕ್ಕಾಗಿ ಕ್ಷಮೆ ಕೇಳುವ ನಿರ್ಣಯ ಅಂಗೀಕರಿಸಿತು. ಕ್ಷಮೆ ಕೇಳಿದರು, ನಾಡನ್ನು ಹಿಂದಕ್ಕೆ ಕೊಡಲಿಲ್ಲ.

– ನಾನು ಹೇಳಿದ ಆ ಹವಾಯಿಯ ಬಾವುಟದ ಮೂಲೆಯಲ್ಲಿ ಬ್ರಿಟಿಷರ ಯೂನಿಯನ್ ಜಾಕ್ ಉಂಟು, ಗಮನಿಸಿದ್ದೀರಾ? ಅರಸರ ಕಾಲದಿಂದಲೂ ಉಂಟು. ಅಲ್ಲಿಯ ಯಾವ ಗುರುತನ್ನು ಮುಟ್ಟಿದರೂ ಅದಕ್ಕೆ ಹೊರಗಿನವರ ಬಣ್ಣ ತಾಗಿಯೇ ಇದೆ. ಕರಿಸಾಳೂ ಹಾಗೆಯೇ. ಅಪ್ಪ ಕ್ರಿಸ್ ಬಿಳಿಯ. ಅಮ್ಮನ ಕಡೆ ಹವಾಯಿ, ಚೀನಾ, ಫಿಲಿಪೀನ್ಸ್ ಮೂರೂ ಸೇರಿವೆ. ಹವಾಯಿಯ ಪೇಟೆಯಲ್ಲಿ ನಡೆದುಹೋಗುವವರಲ್ಲಿ ಹಾಗೆ ಬೆರೆತವರು ಬಹಳ ಜನ. ಅವಳು ಯಾರು ಎಂಬುದಕ್ಕೆ ಒಂದೇ ಬಾವುಟದ ಉತ್ತರ ಸಾಲುವುದಿಲ್ಲ.

– ಆಯಿತು, ಅವಳನ್ನೇ ಹೇಳು.

– ಹುಟ್ಟಿದ್ದು 1992ರ ಆಗಸ್ಟ್‌ನಲ್ಲಿ, ಹೊನೊಲುಲುವಿನಲ್ಲಿ. ಅಪ್ಪ ತೆರೆದ ಕಡಲಿನಲ್ಲಿ ದೂರ ಈಜುವ ಸ್ಪರ್ಧೆಗಳ ಮನುಷ್ಯ. ಮಗಳಿಗೆ ಐದು ವರ್ಷವಾದಾಗ ವೈಕಿಕಿಯ ನೀರಿಗೆ ಇಳಿಸಿದ. ವೈಕಿಕಿಯ ತೆರೆ ಮೆತ್ತಗಿನದ್ದು, ಉದ್ದಕ್ಕೆ ನಿಧಾನವಾಗಿ ಉರುಳಿಕೊಂಡು ಬರುತ್ತದೆ. ಮಕ್ಕಳಿಗೆ ಕಲಿಸಲಿಕ್ಕೆ ಅಂಥ ಕಡಲು ಬೇರೆ ಸಿಗುವುದು ಕಷ್ಟ. ಡ್ಯೂಕ್ ಕಹಾನಮೋಕು ಕಲಿತದ್ದೂ ಅಲ್ಲಿಯೇ.

– ಒಲಿಂಪಿಕ್ ಈಜುಗಾರ ಡ್ಯೂಕ್?

– ಅವನೇ. ಜಗತ್ತು ಅವನನ್ನು ಈಜುಗಾರ ಎನ್ನುತ್ತದೆ, ಸರ್ಫರ್‌ಗಳು ಮೂಲಪುರುಷ ಎನ್ನುತ್ತಾರೆ. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಚಿನ್ನ, 1920ರಲ್ಲಿ ಆಂಟ್‌ವರ್ಪ್‌ನಲ್ಲಿ ಮತ್ತೆ ಅದೇ. ಪದಕದ ಹೆಸರಿನಿಂದ ಎಲ್ಲಿಗೆ ಕರೆದರೂ ಹಲಗೆಯ ಆಟವನ್ನೂ ತೋರಿಸುತ್ತಿದ್ದ. ಆಸ್ಟ್ರೇಲಿಯಕ್ಕೆ ಹೋದಾಗ ಹಲಗೆ ಇರಲಿಲ್ಲ, ಅಲ್ಲಿಯೇ ಪೈನ್ ಮರದಿಂದ ಕೆತ್ತಿಕೊಂಡು ಸಿಡ್ನಿಯ ಫ್ರೆಶ್‌ವಾಟರ್ ದಂಡೆಯಲ್ಲಿ ತೆರೆಯ ಮೇಲೆ ನಿಂತು ತೋರಿಸಿದ. ಆ ಹಲಗೆ ಈಗಲೂ ಅಲ್ಲಿಯ ಜೀವರಕ್ಷಕರ ಕ್ಲಬ್‌ನಲ್ಲಿದೆ. 1925ರಲ್ಲಿ ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಹತ್ತಿರ ಒಂದು ದೋಣಿ ಮಗುಚಿದಾಗ ಅದೇ ಥರದ ಹಲಗೆಯ ಮೇಲೆ ಹೋಗಿ ಎಂಟು ಜನರನ್ನು ದಡಕ್ಕೆ ತಂದ. ಜೀವರಕ್ಷಕರು ಸರ್ಫ್ ಬೋರ್ಡ್ ಇಟ್ಟುಕೊಳ್ಳಲು ಶುರುಮಾಡಿದ್ದರಲ್ಲಿ ಈ ಘಟನೆಯ ಪಾಲು ದೊಡ್ಡದು.

– ಅವನೂ ಅಮೆರಿಕದ ಬಾವುಟದ ಕೆಳಗೇ ಈಜಿದವನು. ಅವನು ಹುಟ್ಟುವಾಗ ಹವಾಯಿಗೆ ಅರಸನಿದ್ದ. ಏಳನೆಯ ವಯಸ್ಸಿನಲ್ಲಿ ನಾಡು ಅಮೆರಿಕದ ಪಾಲಾಯಿತು. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಆ ನಾಡನ್ನು ತೆಗೆದುಕೊಂಡವರಿಗಾಗಿ ಚಿನ್ನ ಗೆದ್ದ. ನೋಡು, ಕರಿಸಾಳ ಕಥೆ ಅವಳಿಂದ ಶುರುವಾದದ್ದಲ್ಲ.

– ಹೌದು, ಆ ಸಾಲಿನಲ್ಲಿಯೇ ಅವಳನ್ನು ಇಟ್ಟು ನೋಡಬೇಕು. ಆದರೆ ಡ್ಯೂಕ್‌ನ ನಂತರ ನೇರವಾಗಿ ಕರಿಸಾ ಬರುವುದಿಲ್ಲ. ನಡುವೆ ರೆಲ್ ಸನ್ ಇದ್ದಾಳೆ. ಓಆಹು ದ್ವೀಪದ ಪಶ್ಚಿಮ ದಂಡೆಯ ಮಕಾಹಾದವಳು. ಹೆಂಗಸರಿಗೆ ವೃತ್ತಿಪರ ಸ್ಪರ್ಧೆ ಬೇಕೆಂದು ಹೋರಾಡಿದ ಮೊದಲ ತಲೆಮಾರಿನವಳು. 1976ರಿಂದ ಮಕಾಹಾದಲ್ಲಿ ಮಕ್ಕಳಿಗೆಂದೇ ಸ್ಪರ್ಧೆ ನಡೆಸಿದಳು. ಸ್ತನ ಕ್ಯಾನ್ಸರ್ ಬಂದ ಮೇಲೂ ವರ್ಷಾನುಗಟ್ಟಲೆ ನೀರಿಗೆ ಇಳಿದಳು. 1998ರಲ್ಲಿ ತೀರಿಕೊಂಡಳು. ಹವಾಯಿಯ ಹೆಣ್ಣುಮಕ್ಕಳಿಗೆ ಕಡಲು ಗಂಡಸರದ್ದಷ್ಟೇ ಅಲ್ಲ ಎಂದು ತೋರಿಸಿದವಳು ಅವಳು. ವಿಶ್ವ ಪ್ರಶಸ್ತಿ ಅವಳಿಗೆ ಬರಲಿಲ್ಲ. ಪ್ರಶಸ್ತಿ ಬಂದವರ ಹೆಸರು ಮಾತ್ರ ಹೇಳುತ್ತಾ ಹೋದರೆ ಇಂಥವರು ಬಿಟ್ಟುಹೋಗುತ್ತಾರೆ, ಅದಕ್ಕೆ ಹೇಳಿದೆ.

– ಹೇಳಿದ್ದು ಒಳ್ಳೆಯದೇ ಆಯಿತು. ಈಗ ನನಗೆ ಆಟ ಅರ್ಥ ಮಾಡಿಸು. ಹಲಗೆಯ ಮೇಲೆ ನಿಂತದ್ದಕ್ಕೆ ಅಂಕ ಹೇಗೆ ಕೊಡುತ್ತಾರೆ?

– ನಿಂತದ್ದಕ್ಕೆ ಅಂಕ ಇಲ್ಲ. ನಿಂತ ಮೇಲೆ ಏನು ಮಾಡಿದಳು ಎನ್ನುವುದಕ್ಕೆ. ಒಂದು ಹೀಟ್, ಅಂದರೆ ಒಂದು ಸುತ್ತಿನ ಆಟ, ಸುಮಾರು ಅರ್ಧ ಗಂಟೆ. ಅಷ್ಟರೊಳಗೆ ಎಷ್ಟು ತೆರೆ ಬೇಕಾದರೂ ಹಿಡಿಯಬಹುದು, ಅವುಗಳಲ್ಲಿ ಅತ್ಯುತ್ತಮ ಎರಡನ್ನು ಮಾತ್ರ ಕೂಡುತ್ತಾರೆ. ಪ್ರತಿ ತೆರೆಗೆ ಹತ್ತು ಅಂಕ, ಒಟ್ಟು ಇಪ್ಪತ್ತು. ಐವರು ತೀರ್ಪುಗಾರರು ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಹೆಚ್ಚಿನದ್ದು, ಎಲ್ಲಕ್ಕಿಂತ ಕಡಿಮೆಯದ್ದು ಬಿಟ್ಟು ಉಳಿದ ಮೂರರ ಸರಾಸರಿ. ತೆರೆ ಮುರಿಯುವ ಜಾಗಕ್ಕೆ ಎಷ್ಟು ಹತ್ತಿರ ಇದ್ದಳು, ತಿರುವಿನಲ್ಲಿ ಎಷ್ಟು ಬಲ, ಎಷ್ಟು ವೇಗ, ಒಂದರಿಂದ ಇನ್ನೊಂದಕ್ಕೆ ತಡವರಿಸದೆ ಹರಿದಳೇ ಎಂದೆಲ್ಲ ನೋಡುತ್ತಾರೆ.

– ಹಾಗಾದರೆ ಅದೃಷ್ಟವೂ ಬೇಕು. ಒಳ್ಳೆಯ ತೆರೆ ಬಾರದಿದ್ದರೆ?

– ಅಲ್ಲಿಯೇ ಚಾಂಪಿಯನ್ ಯಾರೆಂದು ಗೊತ್ತಾಗುವುದು. ನಮ್ಮಲ್ಲಿ ದೋಣಿ ಇಳಿಸುವವರು ಎರಡು ಮೂರು ತೆರೆ ಬಿಟ್ಟು ನಿಂತು, ಸರಿಯಾದ ಒಂದಕ್ಕೆ ಒಮ್ಮೆಲೇ ತಳ್ಳುತ್ತಾರಲ್ಲ, ಹಾಗೆ. ಬಂದದ್ದಕ್ಕೆಲ್ಲ ಹಾರುವವಳು ಸುಸ್ತಾಗುತ್ತಾಳೆ, ಕಾದುಕೊಂಡೇ ಕೂರುವವಳ ಸಮಯ ಮುಗಿಯುತ್ತದೆ. ಕರಿಸಾಳ ಹೀಟ್ ನೋಡಿದರೆ ನನಗೆ ಮೊದಲು ಕಾಣುವುದು ಅವಳು ಬಿಟ್ಟ ತೆರೆಗಳು. ಆಮೇಲೆ ಅವಳು ಹಿಡಿದದ್ದನ್ನು ನೋಡಿ, ಸೊಂಟದಿಂದ ಕೆಳಗೆ ಕಬ್ಬಿಣ, ಮೇಲೆ ನೀರು. ಬೋರ್ಡಿನ ಅಂಚನ್ನು ತೆರೆಯ ಮೈಗೆ ಹುಗಿದು ತಿರುಗಿದಾಗ ಏಳುವ ನೀರಿನ ಗೋಡೆ ಗಂಡಸರ ಸ್ಪರ್ಧೆಯಲ್ಲಿಯೂ ಎಲ್ಲರಿಂದ ಏಳುವುದಿಲ್ಲ.

– ಗಂಡಸರ ಜೊತೆ ಸ್ಪರ್ಧೆ ಮಾಡಿದ್ದಾಳಾ?

– ಮಾಡಿದ್ದಾಳೆ. ಹದಿನಾರನೆಯ ವಯಸ್ಸಿನಲ್ಲಿ, 2008ರಲ್ಲಿ, ಹವಾಯಿಯ ಹಲೆಇವಾದಲ್ಲಿ ಹೆಂಗಸರ ದೊಡ್ಡ ಸ್ಪರ್ಧೆಯೊಂದನ್ನು ಗೆದ್ದಳು. 2010ರಲ್ಲಿ ಶಾಲೆ ಮುಗಿಸಿದ ವರ್ಷವೇ ವಿಶ್ವ ಟೂರ್‌ಗೆ ಸೇರಿ ಆ ವರ್ಷದ ಅತ್ಯುತ್ತಮ ಹೊಸಬಳಾದಳು. 2011ರಲ್ಲಿ ಹದಿನೆಂಟು ವರ್ಷಕ್ಕೆ ವಿಶ್ವ ಚಾಂಪಿಯನ್. ಅದಕ್ಕೂ ಮೊದಲು ವೃತ್ತಿಪರ ಟೂರ್‌ನಲ್ಲಿ ಅಷ್ಟು ಚಿಕ್ಕ ವಯಸ್ಸಿನಲ್ಲಿ ಯಾವ ಹೆಂಗಸೂ ಗೆದ್ದಿರಲಿಲ್ಲ. ಅದೇ ಚಳಿಗಾಲ ಹವಾಯಿಯ ಟ್ರಿಪಲ್ ಕ್ರೌನ್ ಎಂಬ ಸ್ಪರ್ಧಾಸಾಲಿನ ಗಂಡಸರ ಸ್ಪರ್ಧೆಗೆ ಅವಳನ್ನು ವಿಶೇಷ ಆಹ್ವಾನದ ಮೇಲೆ ಇಳಿಸಿದರು. ಆ ಸಾಲಿನ ಗಂಡಸರ ಸ್ಪರ್ಧೆಯಲ್ಲಿ ಇಳಿದ ಮೊದಲ ಹೆಣ್ಣು ಅವಳು.

– ಹದಿನೆಂಟಕ್ಕೆ ಎಲ್ಲ ಸಿಕ್ಕಿದರೆ ಆಮೇಲೆ ಎಂತ ಮಾಡುವುದು ಮಾರಾಯ್ತಿ?

– ಆಮೇಲಿನದ್ದೇ ಕಷ್ಟದ ಕಾಲ. ಸರ್ಫಿಂಗ್ ಉಡುಪು ಮಾರುವ ಕಂಪೆನಿಗಳಿಗೆ ಬೇಕಾದದ್ದು ಒಂದು ಮಾದರಿಯ ಹುಡುಗಿ. ತೆಳ್ಳಗೆ, ಉದ್ದಕ್ಕೆ, ಬಿಕಿನಿಯ ಜಾಹೀರಾತಿಗೆ ಹೊಂದುವ ಹಾಗೆ. ಕರಿಸಾಳದ್ದು ಗಟ್ಟಿಮುಟ್ಟಾದ ಮೈ. ಆ ಮೈಯ ಬಲದಿಂದಲೇ ಅವಳು ಗೆಲ್ಲುತ್ತಿದ್ದದ್ದು, ಅದೇ ಮೈಯನ್ನು ನೋಡಿ ಜನ ಆಡಿಕೊಂಡರು. ಹದಿಹರೆಯದಿಂದಲೇ ಊಟ ಬಿಡುವುದು, ಆಮೇಲೆ ತಡೆಯಲಾಗದೆ ಮಿತಿಮೀರಿ ತಿನ್ನುವುದು, ತಿಂದದ್ದಕ್ಕೆ ತನ್ನನ್ನೇ ದ್ವೇಷಿಸುವುದು, ಇದೆಲ್ಲ ಅವಳಿಗಿತ್ತು. ಚಾಂಪಿಯನ್ ಆದ ಮೇಲೂ ಹೋಗಲಿಲ್ಲ. ಇದನ್ನು ಬೇರೆಯವರು ಬಯಲಿಗೆ ತಂದದ್ದಲ್ಲ ದೊಡ್ಡಪ್ಪ, ಅವಳೇ ಬಹಿರಂಗವಾಗಿ ಹೇಳಿಕೊಂಡಳು. ಪ್ರಾಯೋಜಕರ ದುಡ್ಡಿನಿಂದ ಬದುಕುವ ಆಟದಲ್ಲಿ ಹಾಗೆ ಹೇಳುವುದಕ್ಕೆ ಪೈಪ್‌ಲೈನ್‌ಗೆ ಇಳಿಯುವಷ್ಟೇ ಧೈರ್ಯ ಬೇಕು.

– ಪೈಪ್‌ಲೈನ್ ಅಂದರೆ?

– ಓಆಹುವಿನ ಉತ್ತರ ದಂಡೆಯ ಒಂದು ತೆರೆ. ಹವಾಯಿಯ ದ್ವೀಪಗಳು ಆಳ ಕಡಲಿನ ನಡುವೆ ಜ್ವಾಲಾಮುಖಿಯಿಂದ ಎದ್ದವು. ನಮ್ಮ ಕರಾವಳಿಯಲ್ಲಿ ಕಡಲ ತಳ ಬಹು ದೂರದವರೆಗೆ ಆಳವಿಲ್ಲದೆಯೇ ಹೋಗುತ್ತದೆ, ಅದರ ಮೇಲೆ ಉಜ್ಜಿಕೊಂಡು ಬರುವಷ್ಟರಲ್ಲಿ ತೆರೆಯ ಅರ್ಧ ಕಸುವು ಕರಗುತ್ತದೆ. ಅಲ್ಲಿ ಅಂಥ ಆಳವಿಲ್ಲದ ತಳ ಇಲ್ಲ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಬಿರುಗಾಳಿ ಎಬ್ಬಿಸಿದ ತೆರೆ ತನ್ನ ಪೂರ್ತಿ ಬಲದಲ್ಲಿ ಬಂದು ಒಮ್ಮೆಲೇ ನೀರಿನಡಿಯ ಬಂಡೆಗೆ ಮುಗ್ಗರಿಸುತ್ತದೆ. ಮೇಲಿನ ನೀರು ಮುಂದಕ್ಕೆ ಎಸೆಯಲ್ಪಟ್ಟು ಕೊಳವೆಯಾಗುತ್ತದೆ. ಆ ಕೊಳವೆಯೊಳಗೆ ಹೊಕ್ಕು, ಅದು ಮುಚ್ಚಿಕೊಳ್ಳುವ ಮೊದಲು ಇನ್ನೊಂದು ತುದಿಯಿಂದ ಹೊರಗೆ ಬರಬೇಕು. ಬಿದ್ದರೆ ಕೆಳಗೆ ಕೆಲವೇ ಅಡಿ ನೀರು, ಅದರ ಕೆಳಗೆ ಕಲ್ಲು. ಪ್ರಾಣ ಬಿಟ್ಟವರಿದ್ದಾರೆ. ಗಂಡಸರಿಗೆ 1971ರಿಂದ ಅಲ್ಲಿ ಸ್ಪರ್ಧೆ ಉಂಟು. ಹೆಂಗಸರ ವಿಶ್ವ ಟೂರ್‌ಗೆ ಅಲ್ಲಿ ಪೂರ್ಣ ಪ್ರಮಾಣದ ಸ್ಪರ್ಧೆ ಸಿಕ್ಕಿದ್ದು 2022ರಲ್ಲಿ.

– ಐವತ್ತೊಂದು ವರ್ಷ ಬೇಕಾಯಿತಾ?

– ಹೆಂಗಸರಿಗೆ ಅದು ಆಗುವುದಿಲ್ಲ ಎನ್ನುತ್ತಿದ್ದರು. ಅಭ್ಯಾಸಕ್ಕೆ ಹೋದರೆ ಗಂಡಸರ ಗುಂಪಿನಲ್ಲಿ ಒಂದು ತೆರೆ ಬಿಟ್ಟುಕೊಡುವವರಿಲ್ಲ. ಅಭ್ಯಾಸವಿಲ್ಲದೆ ಚೆನ್ನಾಗಿ ಆಡಲಿಕ್ಕಾಗುವುದಿಲ್ಲ. ಚೆನ್ನಾಗಿ ಆಡದಿದ್ದರೆ, ನೋಡಿ ಹೇಳಲಿಲ್ಲವಾ ಎನ್ನುತ್ತಾರೆ. ಈ ಸುಳಿ ನಮ್ಮ ಕರಾವಳಿಯ ಹುಡುಗಿಯರಿಗೂ ಗೊತ್ತು. ಬಹುಮಾನದ ಹಣವನ್ನೇ ತೆಗೆದುಕೊಳ್ಳಿ. ಗಂಡಸರಿಗೂ ಹೆಂಗಸರಿಗೂ ಸಮಾನವಾಗಿ ಕೊಡುತ್ತೇವೆ ಎಂದು ಟೂರ್ ನಡೆಸುವ ವಿಶ್ವ ಸರ್ಫ್ ಲೀಗ್ ಘೋಷಿಸಿದ್ದು 2018ರಲ್ಲಿ, ಕೊಡಲು ಶುರುಮಾಡಿದ್ದು 2019ರಿಂದ. ಅಷ್ಟರಲ್ಲಿ ಕರಿಸಾ ಮೂರು ಸಲ ವಿಶ್ವ ಚಾಂಪಿಯನ್ ಆಗಿದ್ದಳು. 2022ರ ಪೈಪ್‌ಲೈನ್ ಫೈನಲ್‌ನಲ್ಲಿ ಅವಳು ಮೊಆನಾ ಜೋನ್ಸ್ ವಾಂಗ್‌ಗೆ ಸೋತಳು. ಮೊಆನಾ ಟೂರ್‌ನಲ್ಲೇ ಇಲ್ಲದವಳು, ಆದರೆ ಆ ತೆರೆಯಲ್ಲೇ ಬೆಳೆದವಳು. ಮರುವರ್ಷ, 2023ರಲ್ಲಿ, ಕರಿಸಾ ಅಲ್ಲಿಯೇ ಗೆದ್ದಳು. ಮೂವತ್ತು ವರ್ಷವಾಗಿತ್ತು, ಐದು ವಿಶ್ವ ಪ್ರಶಸ್ತಿ ಮನೆಯಲ್ಲಿತ್ತು. ಆದರೂ ತನಗೆ ಹೆದರಿಕೆ ಹುಟ್ಟಿಸುವ ತೆರೆಯನ್ನು ಮೊದಲಿನಿಂದ ಕಲಿಯಲು ಹೋದಳು. ಅವಳ ಇಡೀ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಗೆಲುವು. ಒಲಿಂಪಿಕ್ ಚಿನ್ನಕ್ಕಿಂತಲೂ.

– ನನಗೆ ಒಲಿಂಪಿಕ್ಸ್ ಬಗ್ಗೆ ಕೇಳಬೇಕು.

– ನಿಮ್ಮ ತಕರಾರು ಇರುವುದು ಅಲ್ಲಿ, ಗೊತ್ತುಂಟು. ಕೊರೊನಾದಿಂದಾಗಿ ಟೋಕಿಯೋ ಕ್ರೀಡಾಕೂಟ ಒಂದು ವರ್ಷ ಮುಂದೆ ಹೋಯಿತಲ್ಲ. ಸರ್ಫಿಂಗ್ ಒಲಿಂಪಿಕ್ಸ್‌ಗೆ ಬರಬೇಕೆಂದು ಆಸೆಪಟ್ಟ ಮೊದಲಿಗರಲ್ಲಿ ಡ್ಯೂಕ್ ಒಬ್ಬ. ಅದು ಆ ಕೂಟದಲ್ಲಿ ಕೈಗೂಡಿದ್ದು ಅವನು ಸತ್ತು ಅರ್ಧ ಶತಮಾನ ಕಳೆದ ಮೇಲೆ. ಚಿಬಾದ ತ್ಸುರಿಗಸಾಕಿ ಕಡಲ ತೀರದಲ್ಲಿ ತೆರೆಗಳು ಸಣ್ಣವು. ಅದೃಷ್ಟಕ್ಕೆ ಹತ್ತಿರದಲ್ಲಿ ಒಂದು ಚಂಡಮಾರುತ ಎದ್ದು ನೀರನ್ನು ಕದಡಿತು. ಫೈನಲನ್ನು ಒಂದು ದಿನ ಹಿಂದಕ್ಕೆ ತಂದು ಜುಲೈ 27ಕ್ಕೆ ನಡೆಸಿದರು. ನೀರು ಗಲಿಬಿಲಿಯಾಗಿತ್ತು, ಗಾಳಿ ಬೀಸುತ್ತಿತ್ತು, ತೆರೆಗೆ ಆಕಾರವೇ ಇರಲಿಲ್ಲ. ದಕ್ಷಿಣ ಆಫ್ರಿಕದ ಬಿಯಾಂಕಾ ಬ್ಯೂಟೆನ್‌ಡಾಗ್ 8.46 ಅಂಕ ಮಾಡಿದಳು, ಕರಿಸಾ 14.93. ಮನೆಯವರು ಯಾರಿಗೂ ಬರಲಿಕ್ಕೆ ಬಿಟ್ಟಿರಲಿಲ್ಲ. ಎಲ್ಲಿಗೆ ಹೋದರೂ ಜೊತೆಗಿರುವ ಗಂಡನೂ ಹವಾಯಿಯಲ್ಲೇ ಉಳಿದಿದ್ದ. ಆ ಕೂಟದ ಸರ್ಫರ್‌ಗಳಲ್ಲಿ ಹವಾಯಿಯ ಮೂಲನಿವಾಸಿ ರಕ್ತದವಳು ಅವಳೊಬ್ಬಳೇ.

– ಆ ಆಟವನ್ನು ಕಟ್ಟಿದ ಜನರಲ್ಲಿ ಒಬ್ಬಳೇ ಒಬ್ಬಳು, ಅವಳ ಕುತ್ತಿಗೆಗೆ ಚಿನ್ನ, ಮೇಲೆ ಏರಿದ್ದು ಅಮೆರಿಕದ ಬಾವುಟ. ಒಂದು ಮಾತು ಆಡಬಹುದಿತ್ತು ಅವಳು. ಇದು ನನ್ನ ಜನರದ್ದು, ನಮ್ಮ ನಾಡನ್ನು ಹೀಗೆ ತೆಗೆದುಕೊಂಡಿರಿ ಎಂದು. ಜಗತ್ತು ಕಿವಿಗೊಡುವ ಗಳಿಗೆ ಜೀವನದಲ್ಲಿ ಒಮ್ಮೆ ಬರುತ್ತದೆ.

– ಡ್ಯೂಕ್‌ನ ಹೆಸರು ಹೇಳಿದಳು. ಅವನ ಕನಸು ಎಂದಳು.

– ಅಷ್ಟು ಸಾಲದು.

– ಯಾರಿಗೆ ಸಾಲದು ದೊಡ್ಡಪ್ಪ? ನಿಮಗೆ ಸಾಲದು. ಅವಳಲ್ಲಿರುವ ಅಪ್ಪನ ರಕ್ತವನ್ನು ಎಲ್ಲಿ ಇಡುತ್ತೀರಿ? ಅವಳಿಗೆ ಐದು ವರ್ಷದಲ್ಲಿ ನೀರು ತೋರಿಸಿದವನು ಬಿಳಿಯ. ಅವಳು ಓದಿದ ಪುನಹೌ ಶಾಲೆಯನ್ನು 1841ರಲ್ಲಿ ಕಟ್ಟಿದವರು ನೀವು ಬೈದ ಮಿಷನರಿಗಳೇ. ಒಬಾಮ ಓದಿದ್ದೂ ಅಲ್ಲಿಯೇ. ಅವಳ ಒಳಗೆ ಎರಡೂ ಕಡೆಯವರಿದ್ದಾರೆ. ಒಂದನ್ನು ಎತ್ತಿ ಇನ್ನೊಂದಕ್ಕೆ ಹೊಡೆಯಬೇಕೆಂದು ಹೊರಗಿನಿಂದ ನಾವು ಹೇಳುವುದು ಸುಲಭ.

– ಹೊಡೆಯುವುದು ಬೇಡ. ಹೆಸರಿಟ್ಟು ಹೇಳುವುದು ಬೇಕು. ಆಟಗಾರರು ಆಟ ಆಡಿದರೆ ಸಾಕು ಎನ್ನುವ ಮಾತು ಯಾವಾಗಲೂ ಅಧಿಕಾರದಲ್ಲಿ ಇರುವವರಿಗೆ ಅನುಕೂಲ. 1968ರಲ್ಲಿ ಮೆಕ್ಸಿಕೋದಲ್ಲಿ ಅಮೆರಿಕದ ಕರಿಯ ಓಟಗಾರರಾದ ಟಾಮಿ ಸ್ಮಿತ್, ಜಾನ್ ಕಾರ್ಲೋಸ್ ಪದಕದ ವೇದಿಕೆಯ ಮೇಲೆ ಕರಿ ಕೈಗವಸಿನ ಮುಷ್ಟಿ ಎತ್ತಿದರು. ಅವರಿಬ್ಬರನ್ನು ತಂಡದಿಂದ ಹೊರಗೆ ಹಾಕಿದರು, ಆಮೇಲೂ ಬಹಳ ಕಷ್ಟಪಟ್ಟರು. ಅವರು ಸುಮ್ಮನಿದ್ದಿದ್ದರೆ ನಾನು ಮಕ್ಕಳಿಗೆ ಆ ಪಾಠ ಹೇಗೆ ಮಾಡುತ್ತಿದ್ದೆ?

– ಅವರ ಮುಷ್ಟಿಗೆ ನನ್ನ ಕೈಯೂ ಮುಗಿಯುತ್ತದೆ. ಆದರೆ ಎಲ್ಲ ಗಾಯಕ್ಕೂ ಒಂದೇ ಭಾಷೆ ಇರುವುದಿಲ್ಲ. ಮಿಷನರಿಗಳು ಬೇಡವೆಂದದ್ದು ಎಂಥದ್ದನ್ನು? ಹೆಂಗಸು ಮೈಬಿಚ್ಚಿ ತೆರೆಯ ಮೇಲೆ ನಿಲ್ಲುವುದನ್ನು. ಜಾಹೀರಾತಿನವರು ಬೇಡವೆಂದದ್ದು? ಅವಳಂಥ ಮೈಯನ್ನು. ಅವಳು ಅದೇ ಮೈಯಲ್ಲಿ, ಅದೇ ತೆರೆಯ ಮೇಲೆ, ಇಡೀ ಜಗತ್ತಿನ ಮುಂದೆ ನಿಂತಳು. ಇದನ್ನು ಮೌನ ಎಂದು ಕರೆಯಲಿಕ್ಕೆ ನಾನು ತಯಾರಿಲ್ಲ.

– ನೀನು ಚೆನ್ನಾಗಿ ವಾದಿಸುತ್ತೀ. ಆದರೆ ಬಾವುಟದ ಪ್ರಶ್ನೆ ಹಾಗೆಯೇ ಉಳಿಯಿತು.

– ಉಳಿಯಿತು. ಅದು ಅವಳೊಬ್ಬಳದ್ದಲ್ಲ, ಅದಕ್ಕೇ ಉಳಿಯಿತು. 2021ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪ್ರಶಸ್ತಿಗೆ ಅವಳ ಎದುರಿಗೆ ನಿಂತವಳು ಟಟಿಯಾನಾ ವೆಸ್ಟನ್-ವೆಬ್. ಬ್ರೆಜಿಲ್‌ನಲ್ಲಿ ಹುಟ್ಟಿ ಹವಾಯಿಯ ಕವಾಯಿ ದ್ವೀಪದಲ್ಲಿ ಬೆಳೆದವಳು. ಮೊದಲು ಹವಾಯಿಯ ಬಾವುಟದಲ್ಲಿ ಇಳಿಯುತ್ತಿದ್ದಳು, ಒಲಿಂಪಿಕ್ಸ್ ಬಂತೆಂದು ಬ್ರೆಜಿಲ್ ಆರಿಸಿಕೊಂಡಳು. 2024ರ ಪ್ಯಾರಿಸ್ ಕೂಟದ ಸರ್ಫಿಂಗ್ ನಡೆದದ್ದು ಫ್ರಾನ್ಸ್‌ನಲ್ಲಲ್ಲ, ಪೆಸಿಫಿಕ್‌ನ ತಾಹಿತಿಯಲ್ಲಿ, ಟೆಅಹುಪೊ ಎನ್ನುವ ಭಯಂಕರ ತೆರೆಯಲ್ಲಿ. ಗಂಡಸರ ಚಿನ್ನ ಗೆದ್ದವನು ಕೌಲಿ ವಾಸ್ಟ್. ಆ ದ್ವೀಪದ ಹುಡುಗ, ತನ್ನ ಊರಿನ ತೆರೆ, ಬಾವುಟ ಫ್ರಾನ್ಸಿನದ್ದು.

– ಅಲ್ಲಿಯೂ ಅದೇ ಕಥೆ!

– ಅದೇ ಕಥೆ. ನಮ್ಮಲ್ಲಿಯೇ ನೋಡಿ. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬುದಿಹಾಳ್ ಕರ್ನಾಟಕದ ಹೆಸರಿನಲ್ಲಿ ಆಡುವವನು. ತೆರೆ ಕಲಿತದ್ದು ಕೇರಳದ ಕೋವಳಂನಲ್ಲಿ. ಅದರಲ್ಲಿ ಯಾರ ನಾಡನ್ನೂ ಯಾರೂ ಕಿತ್ತುಕೊಂಡಿಲ್ಲ, ಹಾಗಾಗಿ ಹವಾಯಿಯ ನೋವಿಗೆ ಅದನ್ನು ಸರಿದೂಗಿಸುವುದಿಲ್ಲ ನಾನು. ಆದರೂ ಅವನ ಪದಕದಲ್ಲಿ ಕೋವಳಂನ ಪಾಲೂ ಉಂಟು ಎಂದು ಹೇಳಬೇಕಲ್ಲ.

– ಹೇಳಬೇಕು. ನಮ್ಮ ಕರಾವಳಿಯ ಸಸಿಹಿತ್ಲಿನಲ್ಲಿ ರಾಷ್ಟ್ರೀಯ ಸ್ಪರ್ಧೆ ಆದಾಗ ಹುಡುಗಿಯರು ಬೆರಳೆಣಿಕೆಯಷ್ಟೇ ಇದ್ದರು ಎಂದು ನೀನೇ ಬೇಜಾರು ಮಾಡಿಕೊಂಡಿದ್ದಿ.

– ಈಗಲೂ ಬೇಜಾರೇ. ನಂದಿನಿ, ಶಾಂಭವಿ ಎರಡೂ ಹೊಳೆ ಕಡಲು ಸೇರುವ ಜಾಗ, ಮಕ್ಕಳು ಹುಟ್ಟುವಾಗಲೇ ನೀರು ನೋಡುತ್ತಾರೆ. ಆದರೆ ಹುಡುಗಿ ಹನ್ನೆರಡು ದಾಟಿದ ಕೂಡಲೇ ಬಿಸಿಲಿಗೆ ಕಪ್ಪಾಗುತ್ತಾಳೆ, ಬಟ್ಟೆ ಮೈಗೆ ಅಂಟುತ್ತದೆ, ಮದುವೆಗೆ ಕಷ್ಟ ಎಂದು ಮನೆಗೆ ಕರೆಯುತ್ತಾರೆ. 1820ರ ಮಿಷನರಿಗಳನ್ನು ಬೈಯುವಾಗ ನಮ್ಮ ಮನೆಗಳೂ ನನಗೆ ನೆನಪಾಗುತ್ತವೆ.

– ಅದು ನ್ಯಾಯದ ಮಾತು. ಸರಿ, 2021ರ ವಿಶ್ವ ಪ್ರಶಸ್ತಿ ಏನಾಯಿತು, ಟಟಿಯಾನಾ ಎದುರಿಗೆ?

– ಕರಿಸಾ ಗೆದ್ದಳು, ಮೊದಲ ಸುತ್ತು ಸೋತು, ಮುಂದಿನ ಎರಡು ಗೆದ್ದು. ಆ ವರ್ಷ ಅವಳ ಆಟದ ತುತ್ತತುದಿ. ಏಪ್ರಿಲ್‌ನಲ್ಲಿ ಆಸ್ಟ್ರೇಲಿಯದ ನ್ಯೂಕಾಸಲ್‌ನಲ್ಲಿ ತೆರೆಯ ಅಂಚಿನಿಂದ ಬೋರ್ಡ್ ಸಮೇತ ಗಾಳಿಗೆ ಹಾರಿ, ಪೂರ್ತಿ ತಿರುಗಿ, ಮತ್ತೆ ಅದೇ ತೆರೆಯ ಮೇಲೆ ಇಳಿದಳು. 9.90 ಕೊಟ್ಟರು. ಹೆಂಗಸರ ಸ್ಪರ್ಧೆಯಲ್ಲಿ ಅಷ್ಟು ಎತ್ತರದ, ಅಷ್ಟು ಸ್ವಚ್ಛವಾದ ಹಾರಾಟ ಅಪರೂಪ. ಆದರೆ ಆ ವರ್ಷವೇ ಟೂರ್‌ನವರು ನಿಯಮ ಬದಲಾಯಿಸಿದ್ದರು. ಅದುವರೆಗೆ ವರ್ಷವಿಡೀ ಕೂಡಿಸಿದ ಅಂಕದಲ್ಲಿ ಯಾರು ಮೇಲೋ ಅವರೇ ಚಾಂಪಿಯನ್. ಹೊಸ ನಿಯಮದಲ್ಲಿ ಮೊದಲ ಐವರು ಕ್ಯಾಲಿಫೋರ್ನಿಯದ ಲೋವರ್ ಟ್ರೆಸಲ್ಸ್‌ನಲ್ಲಿ ಒಂದೇ ದಿನ ಎದುರಾಗಬೇಕಿತ್ತು. ಐದನೆಯವಳು ನಾಲ್ಕನೆಯವಳ ಜೊತೆ, ಗೆದ್ದವಳು ಮೂರನೆಯವಳ ಜೊತೆ, ಹೀಗೆ ಏಣಿ ಹತ್ತಿ ಕೊನೆಗೆ ಮೊದಲಿನವಳ ಎದುರು. 2022ರಲ್ಲಿ ಕರಿಸಾ ವರ್ಷದ ಅಂಕದಲ್ಲಿ ಮೊದಲಿಗಳು. ಐದನೆಯ ಸ್ಥಾನದಿಂದ ಹತ್ತಿ ಬಂದ ಆಸ್ಟ್ರೇಲಿಯದ ಸ್ಟೆಫನಿ ಗಿಲ್ಮೋರ್ ಅವಳನ್ನು ಸೋಲಿಸಿ ಎಂಟನೆಯ ಸಲ ಚಾಂಪಿಯನ್ ಆದಳು. 2023ರಲ್ಲಿ ಮತ್ತೆ ಕರಿಸಾಳೇ ಮೊದಲಿಗಳು, ಮತ್ತೆ ಕೊನೆಯ ದಿನ ಸೋಲು. ಈ ಸಲ ಫ್ಲೋರಿಡಾದ ಕ್ಯಾರೊಲಿನ್ ಮಾರ್ಕ್ಸ್‌ಗೆ.

– ಹಳೆಯ ನಿಯಮ ಇದ್ದಿದ್ದರೆ ಏಳು ಪ್ರಶಸ್ತಿ ಅವಳ ಹೆಸರಿನಲ್ಲಿ ಇರುತ್ತಿತ್ತು.

– ಇರುತ್ತಿತ್ತು. ಸ್ಟೆಫನಿ ಆ ದಿನ ಆಡಿದ್ದು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಒಂದೇ ದಿನ ನಾಲ್ವರನ್ನು ದಾಟಿ ಬರುವುದು ಸಣ್ಣ ಕೆಲಸವಲ್ಲ. ಆದರೆ ಹವಾಯಿಯಿಂದ ತಾಹಿತಿಯವರೆಗೆ ಬೇರೆ ಬೇರೆ ಕಡಲಲ್ಲಿ, ಬೇರೆ ಬೇರೆ ತೆರೆಯಲ್ಲಿ ವರ್ಷವೆಲ್ಲ ಮೇಲಿದ್ದವಳನ್ನು ಒಂದು ಸೌಮ್ಯ ತೆರೆಯ ಒಂದು ಮಧ್ಯಾಹ್ನ ಅಳೆಯುವುದು ಸರಿಯಲ್ಲ. ಟಿವಿಗೆ ಒಳ್ಳೆಯದಿರಬಹುದು, ಆಟಕ್ಕಲ್ಲ. ಆ ಮಾತು ಆಡಬೇಕಾದದ್ದು ನಮ್ಮಂಥ ನೋಡುವವರು.

– ಅದಕ್ಕೇ ಬಿಟ್ಟಳಾ ಟೂರ್?

– ಅದೊಂದೇ ಕಾರಣ ಎಂದು ನಾನು ಹೇಳಲಾರೆ. 2024ರ ಜನವರಿಯಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ತಿಳಿಸಿದಳು. ಪೈಪ್‌ಲೈನ್‌ನ ಸ್ಪರ್ಧೆ ಮತ್ತು ಒಲಿಂಪಿಕ್ಸ್ ಆಡಿ ಆ ಮೇಲೆ ಬದಿಗೆ ಸರಿಯುತ್ತೇನೆ, ಸಂಸಾರ ಕಟ್ಟಬೇಕು ಎಂದು. ಹದಿನಾಲ್ಕು ವರ್ಷ ವಿಮಾನ, ಹೋಟೆಲು, ಬೋರ್ಡಿನ ಚೀಲ. ತಾಹಿತಿಯ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್‌ನಲ್ಲೇ ಸೋತಳು. ಆಗ ಅವಳಿಗೆ ಪದಕ ಬಂದಿದ್ದರೆ ಕಥೆ ಚಂದವಾಗಿ ಮುಗಿಯುತ್ತಿತ್ತು, ಆದರೆ ಟೆಅಹುಪೊ ಯಾರ ಕಥೆಗೂ ಕಾಯುವುದಿಲ್ಲ. 2025ರಲ್ಲಿ ಮಗಳು ಹುಟ್ಟಿದಳು.

– ಹುಡುಗಿಯರಿಗಾಗಿ ಏನೋ ಸಂಸ್ಥೆ ನಡೆಸುತ್ತಾಳೆ ಎಂದು ಓದಿದೆ.

– ಮೂರ್ ಅಲೋಹಾ ಎಂದು ಹೆಸರು. 2018ರಲ್ಲಿ ಶುರುಮಾಡಿದ್ದು. ಹದಿಹರೆಯದ ಹುಡುಗಿಯರನ್ನು ಒಟ್ಟಿಗೆ ನೀರಿಗೆ ಕರೆದುಕೊಂಡು ಹೋಗುವುದು, ಮೈ, ಊಟ, ಹೆದರಿಕೆ ಇವೆಲ್ಲದರ ಬಗ್ಗೆ ಕೂತು ಮಾತಾಡುವುದು. ತನಗೆ ಆ ವಯಸ್ಸಿನಲ್ಲಿ ಇದ್ದ ಒಂಟಿತನ ಬೇರೆಯವರಿಗೆ ಬೇಡ ಎಂದು. ಚಾಂಪಿಯನ್‌ಗಳನ್ನು ತಯಾರಿಸುವ ಶಾಲೆಯಲ್ಲ ಅದು.

– ಹಾಗಿದ್ದರೂ ಅವಳ ನಂತರ ಹವಾಯಿಯಿಂದ ಯಾರು?

– ಇದ್ದಾರೆ. ಕವಾಯಿ ದ್ವೀಪದ ಗೇಬ್ರಿಯೆಲಾ ಬ್ರಯನ್, ಹಲೆಇವಾದ ಬೆಟಿಲೂ ಸಕುರಾ ಜಾನ್ಸನ್. ಇಬ್ಬರೂ ಕರಿಸಾ ಟೂರ್‌ನಲ್ಲಿ ಗೆಲ್ಲುತ್ತಿದ್ದಾಗ ಚಿಕ್ಕ ಮಕ್ಕಳು. ಇಬ್ಬರ ತಿರುವಿನಲ್ಲೂ ಅದೇ ಬಲ, ಹೆಣ್ಣಿನ ಸರ್ಫಿಂಗ್ ಎಂದರೆ ನಾಜೂಕು ಎನ್ನುವ ಮಾತನ್ನು ಕೇಳಿಯೇ ಇಲ್ಲದವರ ಹಾಗೆ ಇಳಿಯುತ್ತಾರೆ. 2028ರ ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನಲ್ಲಿ, ಸರ್ಫಿಂಗ್ ಮತ್ತೆ ಅದೇ ಟ್ರೆಸಲ್ಸ್‌ನಲ್ಲಿ.

– ಅದರಲ್ಲಿ ಅವರು ಗೆದ್ದು ಏನಾದರೂ ಹೇಳಿದರೆ ನನಗೆ ಫೋನ್ ಮಾಡು.

– ಏನೂ ಹೇಳದೆ ಗೆದ್ದರೂ ಮಾಡುತ್ತೇನೆ ದೊಡ್ಡಪ್ಪ.